ಸಣ್ಣ ಪ್ರವಾಸಿ ಟ್ರೇಲರ್: ಕೊಳ್ಳುವ ಮುನ್ನ ಮಾಡಬೇಕಾದ ಎರಡು ಲೆಕ್ಕಗಳು

ನಮ್ಮ ಸಂಸ್ಥೆಯ ಅನೇಕ ಸದಸ್ಯರ ಮಕ್ಕಳು ಅಮೆರಿಕ, ಕೆನಡಾ ದೇಶಗಳಲ್ಲಿ ನೆಲೆಸಿದ್ದಾರೆ. ಅಲ್ಲಿ ಮನೆ, ಕಾರುಗಳ ನಂತರ ಕುಟುಂಬಗಳು ಕೊಳ್ಳಲು ಯೋಚಿಸುವ ವಸ್ತುಗಳಲ್ಲಿ ಪ್ರವಾಸಿ ಟ್ರೇಲರ್ ಒಂದು. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ, ಒಳಗೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಪುಟ್ಟ ಮನೆ ಇದು. ಮಗ ಅಥವಾ ಮಗಳು ಇದಕ್ಕಾಗಿ ತಂದೆಯ ಸಲಹೆಯನ್ನು, ಕೆಲವೊಮ್ಮೆ ಹಣವನ್ನೂ ಕೇಳುವುದುಂಟು. ನಮ್ಮಲ್ಲಿ ಟ್ರೇಲರ್ ಎಂದೊಡನೆ ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯೇ ಕಣ್ಣ ಮುಂದೆ ಬರುವುದರಿಂದ, ಈ ವಸ್ತುವಿನ ಸ್ವರೂಪ ಹಾಗೂ ಅದರ ಹಣಕಾಸಿನ ಪರಿಣಾಮಗಳನ್ನು ಸ್ಪಷ್ಟಪಡಿಸುವುದು ಈ ಲೇಖನದ ಉದ್ದೇಶ. ಕೊನೆಯಲ್ಲಿ ನಮ್ಮ ಸಣ್ಣ ಉದ್ಯಮಿಗಳು ಗಮನಿಸಬೇಕಾದ ಅಂಶಗಳನ್ನೂ ಸೇರಿಸಲಾಗಿದೆ.

ಎರಡು ಬಗೆಯ ರಚನೆ

ಅಲ್ಲಿನ ಸಣ್ಣ ಟ್ರೇಲರ್‌ಗಳನ್ನು ರಚನೆಯ ದೃಷ್ಟಿಯಿಂದ ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟಿಗೆ ಹೊರಗಿನಿಂದ ತೆಳು ಹಾಳೆಗಳನ್ನು ಹೊದಿಸಿ ಮಾಡಿದ್ದು. ಎರಡನೆಯದು ಅಚ್ಚಿನಲ್ಲಿ ಎರಕ ಹೊಯ್ದಂತೆ ಮಾಡಿದ ಫೈಬರ್‌ಗ್ಲಾಸ್ ಟ್ರೇಲರ್. ಕೆನಡಾದ ವಿನ್ನಿಪೆಗ್ ನಗರದಲ್ಲಿ 1968ರಲ್ಲಿ ರೇ ಒಲೆಕೊ ಎಂಬವರು ಆರಂಭಿಸಿದ ‘ಬೋಲರ್’ ಈ ಎರಡನೆಯ ವರ್ಗದ ಪ್ರಸಿದ್ಧ ಮಾದರಿ. ಮೇಲ್ಭಾಗ, ಕೆಳಭಾಗ ಎಂಬ ಎರಡೇ ಹೋಳುಗಳನ್ನು ಜೋಡಿಸಿದ, ಸುಮಾರು 13 ಅಡಿ ಉದ್ದದ ಮೊಟ್ಟೆಯಾಕಾರದ ಗಾಡಿ ಅದು. ಅದೇ ಮಾದರಿಯನ್ನನುಸರಿಸಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ‘ಸ್ಕ್ಯಾಂಪ್’ ತಯಾರಾಗತೊಡಗಿತು.

ಈ ವ್ಯತ್ಯಾಸ ಲೆಕ್ಕಿಗನಿಗೂ ಮುಖ್ಯ. ಟ್ರೇಲರ್‌ನ ಮೊದಲ ಶತ್ರು ಮಳೆಯ ನೀರು. ಹಾಳೆಗಳ ಕೂಡುಗಳು, ಚಾವಣಿಯ ಕಿಂಡಿಗಳು, ಕಿಟಕಿಯ ಅಂಚುಗಳ ಮೂಲಕ ಒಳಸೇರಿದ ನೀರು ಗೋಡೆಯೊಳಗಿನ ಮರವನ್ನು ಕಣ್ಣಿಗೆ ಬೀಳದಂತೆ ಕೊಳೆಯಿಸುತ್ತದೆ. ಫೈಬರ್‌ಗ್ಲಾಸ್ ಟ್ರೇಲರ್‌ನಲ್ಲಿ ಕೂಡುಗಳು ಕಡಿಮೆ; ಆದ್ದರಿಂದ ಬಾಳಿಕೆ ಹೆಚ್ಚು, ಮರುಮಾರಾಟದ ಬೆಲೆಯೂ ಹೆಚ್ಚು. ಹಳೆಯ ಟ್ರೇಲರ್ ಕೊಳ್ಳುವವರು ಒಳಗಿನ ಅಲಂಕಾರಕ್ಕೆ ಮರುಳಾಗದೆ, ಮೂಲೆಗಳನ್ನೂ ನೆಲವನ್ನೂ ಒತ್ತಿ ನೋಡಿ ಮೆತ್ತಗಿದೆಯೇ ಎಂದು ಪರೀಕ್ಷಿಸತಕ್ಕದ್ದು.

ಮೊದಲನೆಯ ಲೆಕ್ಕ: ತೂಕ

ಮಾರಾಟಗಾರನು ಸಾಮಾನ್ಯವಾಗಿ ಹೇಳುವ ಮಾತು ಇದು: “ನಿಮ್ಮ ಕಾರು 2,000 ಕಿಲೋ ಎಳೆಯಬಲ್ಲದು, ಈ ಟ್ರೇಲರ್ ಖಾಲಿ ಇರುವಾಗ 1,200 ಕಿಲೋ ಮಾತ್ರ.” ಇದು ಬ್ಯಾಂಕ್ ಮಂಜೂರು ಮಾಡಿದ ಸಾಲದ ಮಿತಿಯನ್ನಷ್ಟೇ ನೋಡಿ, ದಾಸ್ತಾನಿನ ಮೇಲೆ ಲೆಕ್ಕವಾಗುವ ಡ್ರಾಯಿಂಗ್ ಪವರ್ ಅನ್ನು ಮರೆತಂತೆ. ಮಿತಿ ಕಾಗದದ ಮೇಲೆ ಎಷ್ಟೇ ಇರಲಿ, ನಾವು ಬಳಸಬಹುದಾದದ್ದು ಡ್ರಾಯಿಂಗ್ ಪವರ್ ಇದ್ದಷ್ಟೇ.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಟ್ರೇಲರ್‌ನ ಖಾಲಿ ತೂಕ 1,200 ಕಿಲೋ. ಅದಕ್ಕೆ ಅನುಮತಿಸಿದ ಗರಿಷ್ಠ ಒಟ್ಟು ತೂಕ 1,600 ಕಿಲೋ ಎಂದಿರಲಿ. ನೀರಿನ ತೊಟ್ಟಿ ತುಂಬಿದರೆ 100 ಲೀಟರ್, ಅಂದರೆ 100 ಕಿಲೋ. ತುಂಬಿದ ಎರಡು ಅನಿಲ ಸಿಲಿಂಡರ್‌ಗಳು 34 ಕಿಲೋ, ಬ್ಯಾಟರಿ 28 ಕಿಲೋ, ಹಾಸಿಗೆ, ಪಾತ್ರೆ, ದಿನಸಿ, ಬಟ್ಟೆಬರೆ 150 ಕಿಲೋ. ಒಟ್ಟು 1,512 ಕಿಲೋ. ಮಿತಿಗೆ ಉಳಿದದ್ದು 88 ಕಿಲೋ ಮಾತ್ರ.

ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. ಅಮೆರಿಕದಲ್ಲಿ ಪಾಲಿಸುವ ನಿಯಮದಂತೆ ಟ್ರೇಲರ್‌ನ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಭಾರ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ನಮ್ಮ ಉದಾಹರಣೆಯಲ್ಲಿ ಇದು ಸುಮಾರು 151ರಿಂದ 227 ಕಿಲೋ. ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೇರು ಹಿಂದಾದರೆ ನೊಗ ಮೇಲೇಳುತ್ತದೆ. ತೀರ ಮುಂದಾದರೆ ಎತ್ತಿನ ಹೆಗಲು ಬಾಗುತ್ತದೆ. ಟ್ರೇಲರ್‌ನಲ್ಲಿ ಹಿಂಭಾಗ ಭಾರವಾದರೆ ಪರಿಣಾಮ ಇನ್ನೂ ಘೋರ. ವೇಗ ಹೆಚ್ಚಿದಾಗ ಅಥವಾ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಟ್ರೇಲರ್ ಎಡಬಲಕ್ಕೆ ಓಲಾಡತೊಡಗಿ, ಕಾರನ್ನೂ ತನ್ನೊಡನೆ ರಸ್ತೆಯಿಂದಾಚೆಗೆ ಎಳೆಯಬಹುದು.

ಕೊಂಡಿಯ ಮೇಲಿನ ಈ ಭಾರವನ್ನು ಹೊರುವುದು ಕಾರು. ಕಾರಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಜನ ಮತ್ತು ಸರಕು ಸೇರಿ 450 ಕಿಲೋ ಎಂದು ನಮೂದಾಗಿದೆ ಎನ್ನೋಣ. ನಾಲ್ವರು ಪ್ರಯಾಣಿಕರು 280 ಕಿಲೋ, ಡಿಕ್ಕಿಯ ಸಾಮಾನು 60 ಕಿಲೋ, ಕೊಂಡಿಯ ಭಾರ 190 ಕಿಲೋ. ಒಟ್ಟು 530 ಕಿಲೋ. ಎಳೆಯುವ ಸಾಮರ್ಥ್ಯ ಇನ್ನೂ ಸುಮಾರು 500 ಕಿಲೋ ಉಳಿದಿದ್ದರೂ ಹೊರುವ ಸಾಮರ್ಥ್ಯ 80 ಕಿಲೋ ಮೀರಿಹೋಯಿತು. ಅಪಘಾತವಾದರೆ ಬಾಧೆಗೊಳಗಾಗುವುದು ಕಾರಿನಲ್ಲಿರುವ ಕುಟುಂಬ. ಬಳಿಕ ವಿಮೆಯ ವಿಚಾರಣೆಯಲ್ಲೂ ಮೊದಲ ಪ್ರಶ್ನೆ ಇದರ ಬಗ್ಗೆಯೇ ಬರಬಹುದು. ಆದ್ದರಿಂದ ಎಲ್ಲ ಸಾಮಾನು ತುಂಬಿ, ಎಲ್ಲರೂ ಕುಳಿತು, ಲಾರಿ ತೂಗುವ ಕಾಂಟಾದಲ್ಲಿ ಒಮ್ಮೆ ತೂಗಿಸುವುದು ಕಡ್ಡಾಯವೆಂದೇ ಭಾವಿಸಬೇಕು.

ಟಯರ್ ವಿಷಯದಲ್ಲಿ ಇನ್ನೊಂದು ಮಾತು. ಟ್ರೇಲರ್ ವರ್ಷದ ಬಹುಪಾಲು ನಿಂತೇ ಇರುವುದರಿಂದ ಅದರ ಟಯರ್ ಸವೆಯುವುದಕ್ಕಿಂತ ಮೊದಲು ಮುಪ್ಪಾಗುತ್ತದೆ. ಟಯರ್ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಐದಾರು ವರ್ಷ ಕಳೆದಿದ್ದರೆ, ಮೇಲ್ನೋಟಕ್ಕೆ ಹೊಸದರಂತಿದ್ದರೂ ಬದಲಿಸುವುದು ಲೇಸು. ಚಕ್ರದ ಬೇರಿಂಗ್‌ಗಳಿಗೆ ವರ್ಷಕ್ಕೊಮ್ಮೆ ಗ್ರೀಸ್ ತುಂಬಿಸತಕ್ಕದ್ದು.

ಎರಡನೆಯ ಲೆಕ್ಕ: ಹಣ

ಈಗ ಹಣದ ಲೆಕ್ಕ. ಕೆಳಗಿನ ಅಂಕಿಗಳೆಲ್ಲ ವಿವರಣೆಗಾಗಿ ಇಟ್ಟುಕೊಂಡವು. ಓದುಗರು ತಮ್ಮ ಅಂಕಿಗಳನ್ನು ಸೇರಿಸಿಕೊಂಡು ಇದೇ ಕ್ರಮದಲ್ಲಿ ಲೆಕ್ಕ ಮಾಡಬಹುದು.

ಹೊಸ ಟ್ರೇಲರ್‌ನ ಬೆಲೆ 25,000 ಡಾಲರ್. ಶೇಕಡ 10 ಮುಂಗಡ ನೀಡಿ, ಉಳಿದ 22,500 ಡಾಲರ್‌ಗೆ ಶೇಕಡ 9ರ ಬಡ್ಡಿಯಲ್ಲಿ 12 ವರ್ಷಗಳ ಸಾಲ. ಮಾಸಿಕ ಕಂತು ಸುಮಾರು 256 ಡಾಲರ್. ಕಂತು ಹಗುರವೆನಿಸುತ್ತದೆ, ತೊಡಕು ಇರುವುದು ಅವಧಿಯಲ್ಲಿ. ಮೂರು ವರ್ಷಗಳ ನಂತರ ಬಾಕಿ ಅಸಲು ಸುಮಾರು 18,900 ಡಾಲರ್. ಅಷ್ಟರಲ್ಲಿ ಟ್ರೇಲರ್‌ನ ಬೆಲೆ ಶೇಕಡ 35ರಷ್ಟು ಇಳಿದಿದ್ದರೆ ಮಾರುಕಟ್ಟೆ ಮೌಲ್ಯ 16,250 ಡಾಲರ್. ಉದ್ಯೋಗ ಹೋಗಿ ಅಥವಾ ಊರು ಬದಲಾಗಿ ಮಾರಬೇಕಾದರೆ, ಗಾಡಿಯನ್ನೂ ಕೊಟ್ಟು ಮೇಲೆ 2,650 ಡಾಲರನ್ನೂ ಕೈಯಿಂದ ತೆರಬೇಕು. ವೀಸಾದ ಮೇಲೆ ಅಲ್ಲಿರುವ ನಮ್ಮ ಮಕ್ಕಳಿಗೆ ಈ ಸಂಗತಿ ಇತರರಿಗಿಂತ ಹೆಚ್ಚು ಅನ್ವಯಿಸುತ್ತದೆ; ಉದ್ಯೋಗ ಹೋದರೆ ಅವರಿಗೆ ಮಾರುವುದಕ್ಕೆ ದೊರೆಯುವ ಕಾಲಾವಕಾಶವೂ ಅಲ್ಪ.

ಇನ್ನು ವಾರ್ಷಿಕ ವೆಚ್ಚ. ಐದು ವರ್ಷಗಳಲ್ಲಿ ಬೆಲೆ 14,000 ಡಾಲರ್‌ಗೆ ಇಳಿಯುವುದೆಂದು ಭಾವಿಸಿದರೆ ವರ್ಷಕ್ಕೆ ಸವಕಳಿ 2,200, ಬಡ್ಡಿ ಸರಾಸರಿ 1,750, ವಿಮೆ ಮತ್ತು ನೋಂದಣಿ 500, ನಿಲುಗಡೆಯ ಬಾಡಿಗೆ 900, ದುರಸ್ತಿ 600. ಒಟ್ಟು 5,950 ಡಾಲರ್. ಇದು ಟ್ರೇಲರ್ ಒಂದು ಗೇಣು ಕದಲದಿದ್ದರೂ ಬಹುಮಟ್ಟಿಗೆ ಬರುವ ಸ್ಥಿರ ವೆಚ್ಚ. ಹೊರಟ ಮೇಲೆ ರಾತ್ರಿಯೊಂದಕ್ಕೆ ಶಿಬಿರ ಸ್ಥಳದ ಶುಲ್ಕ 40, ಹೆಚ್ಚುವರಿ ಪೆಟ್ರೋಲ್ 25, ಅಂದರೆ 65 ಡಾಲರ್ ಚರ ವೆಚ್ಚ.

ವರ್ಷಕ್ಕೆ 20 ರಾತ್ರಿ ಬಳಸಿದರೆ ರಾತ್ರಿಯೊಂದಕ್ಕೆ ಬೀಳುವ ವೆಚ್ಚ ಸುಮಾರು 362 ಡಾಲರ್. 60 ರಾತ್ರಿ ಬಳಸಿದರೆ ಸುಮಾರು 164. ಹೋಟೆಲ್ ಕೋಣೆ 150 ಡಾಲರ್‌ಗೆ ಸಿಗುವುದಾದರೆ, ಸಮಸ್ಥಿತಿಗೆ 70 ರಾತ್ರಿಗಳು ಬೇಕು. ನೌಕರಿಯಲ್ಲಿರುವವರಿಗೆ ವರ್ಷದಲ್ಲಿ 70 ರಾತ್ರಿ ದೊರೆಯುವುದು ದುರ್ಲಭ.

ಆದರೆ ಇದೇ ಕುಟುಂಬ 12,000 ಡಾಲರ್‌ಗೆ ಸುಸ್ಥಿತಿಯಲ್ಲಿರುವ ಹಳೆಯ ಫೈಬರ್‌ಗ್ಲಾಸ್ ಟ್ರೇಲರನ್ನು ನಗದು ಕೊಟ್ಟು ಕೊಂಡಿತೆನ್ನೋಣ. ಸವಕಳಿ 800, ಕೈಬಿಟ್ಟ ಬಡ್ಡಿ 480, ವಿಮೆ 350, ನಿಲುಗಡೆ 900, ದುರಸ್ತಿ 900. ಒಟ್ಟು 3,430 ಡಾಲರ್. ಸಮಸ್ಥಿತಿ 40 ರಾತ್ರಿಗಳಿಗೆ ಇಳಿಯಿತು. ಸ್ವಂತ ಅಂಗಳದಲ್ಲೇ ನಿಲ್ಲಿಸಲು ಸ್ಥಳೀಯ ನಿಯಮಗಳು ಅನುಮತಿಸಿದರೆ 30 ರಾತ್ರಿಗಳು ಸಾಕು. ಸ್ವಂತ ಅಡುಗೆಯಿಂದಾಗುವ ಉಳಿತಾಯವನ್ನು ಸೇರಿಸಿದರೆ ಇನ್ನೂ ಕಡಿಮೆ. ಕಾಡಿನಂಚಿನಲ್ಲಿ ಮಕ್ಕಳೊಡನೆ ಕಳೆದ ಬೆಳಗಿಗೆ ಖಾತೆಪುಸ್ತಕದಲ್ಲಿ ಕಾಲಂ ಇಲ್ಲವೆಂಬುದು ನಿಜ. ಆದರೆ ಆ ಬೆಳಗು ಹೊಸ ಟ್ರೇಲರ್‌ನಲ್ಲೂ ಹಳೆಯದರಲ್ಲೂ ಒಂದೇ. ಸಾಲದ ಕಂತು ಮಾತ್ರ ಬೇರೆ. ಕೊಳ್ಳುವ ಮುನ್ನ ಒಂದು ವಾರ ಬಾಡಿಗೆಗೆ ಪಡೆದು ನೋಡುವುದು ಉತ್ತಮ ಕ್ರಮ.

ತೆರಿಗೆಯ ಕೆಲವು ಅಂಶಗಳು

ಅಮೆರಿಕದ ಆದಾಯ ತೆರಿಗೆ ಕಾನೂನಿನಲ್ಲಿ ಮಲಗುವ, ಅಡುಗೆಯ ಹಾಗೂ ಶೌಚದ ಸೌಲಭ್ಯಗಳುಳ್ಳ ಟ್ರೇಲರ್ ‘ಎರಡನೆಯ ಮನೆ’ ಎನಿಸಿಕೊಳ್ಳಬಲ್ಲದು. ಅದರ ಭದ್ರತೆಯ ಮೇಲೆ ಪಡೆದ ಸಾಲದ ಬಡ್ಡಿಗೆ ಕಡಿತವೂ ದೊರೆಯಬಹುದು. ಮಾರಾಟಗಾರರು ಇದನ್ನು ದೊಡ್ಡದಾಗಿ ಹೇಳುವುದುಂಟು. ಆದರೆ ಬಿಡಿಬಿಡಿಯಾಗಿ ಕಡಿತಗಳನ್ನು ಕೇಳುವವರಿಗೆ ಮಾತ್ರ ಇದು ಲಭ್ಯ. 2017ರ ತೆರಿಗೆ ಸುಧಾರಣಾ ಕಾಯಿದೆ ಪ್ರಮಾಣಿತ ಕಡಿತವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿದ ಮೇಲೆ ಹಾಗೆ ಕೇಳುವವರ ಸಂಖ್ಯೆ ಬಹಳ ಕುಗ್ಗಿದೆ. ಮಾರಾಟ ತೆರಿಗೆ ಇಲ್ಲದ ಮೊಂಟಾನಾ ರಾಜ್ಯದಲ್ಲಿ ಹೆಸರಿಗೊಂದು ಕಂಪನಿ ತೆರೆದು ವಾಹನ ನೋಂದಾಯಿಸುವ ಉಪಾಯವೂ ಪ್ರಚಾರದಲ್ಲಿದೆ. ವಾಸದ ರಾಜ್ಯ ಪ್ರಶ್ನಿಸಿದರೆ ತೆರಿಗೆಯೊಡನೆ ದಂಡವೂ ಬೀಳಬಹುದಾದ್ದರಿಂದ ಅದರ ಗೊಡವೆ ಬೇಡ.

ಇಲ್ಲಿಂದ ತಂದೆ ಹಣ ಕಳುಹಿಸುವುದಾದರೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯ ಮಿತಿ ಆರ್ಥಿಕ ವರ್ಷಕ್ಕೆ 2,50,000 ಡಾಲರ್. 2025ರ ಏಪ್ರಿಲ್ 1ರಿಂದ, ವರ್ಷದಲ್ಲಿ ಹತ್ತು ಲಕ್ಷ ರೂಪಾಯಿ ಮೀರಿದ ಇಂಥ ರವಾನೆಯ ಮೇಲೆ, ಮೀರಿದ ಮೊತ್ತಕ್ಕೆ ಬ್ಯಾಂಕ್ ಶೇಕಡ 20ರಂತೆ ಮೂಲದಲ್ಲೇ ತೆರಿಗೆ ಸಂಗ್ರಹಿಸುತ್ತದೆ. ಇದು ಖರ್ಚಲ್ಲ, ತಮ್ಮ ತೆರಿಗೆಗೆ ಜಮೆಯಾಗುತ್ತದೆ ಅಥವಾ ಮರುಪಾವತಿಯಾಗುತ್ತದೆ. ಆದರೆ ಅಷ್ಟು ಕಾಲ ವ್ಯಾಪಾರದ ದುಡಿಮೆ ಬಂಡವಾಳ ಸಿಕ್ಕಿಬೀಳುತ್ತದೆಂಬುದನ್ನು ವ್ಯಾಪಾರಸ್ಥರು ಮರೆಯಬಾರದು.

ಉದ್ಯಮಿಗಳಿಗೆ ಪಾಠ

ಅಮೆರಿಕದಲ್ಲಿ ಈ ಬಗೆಯ ವಾಹನಗಳ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪ್ರದೇಶದಲ್ಲಿ. ಆಕ್ಸಲ್, ಕಿಟಕಿ, ಕಪಾಟು ಮೊದಲಾದ ಬಿಡಿಭಾಗಗಳನ್ನು ಒದಗಿಸುವ ಘಟಕಗಳೂ ಅಲ್ಲಿಯೇ ನೆರೆದಿವೆ. ಟ್ರೇಲರ್ ಅತ್ಯವಶ್ಯಕ ವಸ್ತುವಲ್ಲ. ಬಡ್ಡಿ, ಪೆಟ್ರೋಲ್, ಉದ್ಯೋಗ ಈ ಮೂರರಲ್ಲಿ ಒಂದು ಕೆಟ್ಟರೂ ಗಿರಾಕಿ ಮೊದಲು ಮುಂದೂಡುವುದು ಇದನ್ನೇ. 2006ರಲ್ಲಿ ಸುಮಾರು 3.9 ಲಕ್ಷವಿದ್ದ ದೇಶದ ವಾರ್ಷಿಕ ರವಾನೆ 2009ರಲ್ಲಿ ಸುಮಾರು 1.66 ಲಕ್ಷಕ್ಕೆ ಕುಸಿಯಿತು. ಆ ವರ್ಷ ಎಲ್ಕ್‌ಹಾರ್ಟ್‌ನ ನಿರುದ್ಯೋಗ ಶೇಕಡ 18ನ್ನು ಮೀರಿತು. ಸಾಂಕ್ರಾಮಿಕದ ಅವಧಿಯಲ್ಲಿ ಬೇಡಿಕೆ ಉಕ್ಕಿ 2021ರಲ್ಲಿ 6 ಲಕ್ಷ ದಾಟಿತು. 2023ರಲ್ಲಿ ಮತ್ತೆ 3.13 ಲಕ್ಷಕ್ಕೆ ಇಳಿಯಿತು. ಎರಡೇ ವರ್ಷಗಳಲ್ಲಿ ಬೇಡಿಕೆ ಅರ್ಧವಾಗುವ ಕಡೆ, ಉಬ್ಬರದ ವರ್ಷದ ಆರ್ಡರ್ ನಂಬಿ ಸಾಲದ ಮೇಲೆ ಹೊಸ ಷೆಡ್ ಕಟ್ಟಿದವನ ಸ್ಥಿತಿಯನ್ನು ಓದುಗರೇ ಊಹಿಸಬಹುದು.

ನಮ್ಮ ದೇಶದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009ರಲ್ಲಿ ಕ್ಯಾರವಾನ್ ನೀತಿಯನ್ನು ಪ್ರಕಟಿಸಿತು. ಕೇರಳ ಸರ್ಕಾರ 2021ರಲ್ಲಿ ‘ಕೆರವಾನ್ ಕೇರಳ’ ಯೋಜನೆಯನ್ನು ಆರಂಭಿಸಿತು. ಎಂಜಿನ್ ಇಲ್ಲದಿದ್ದರೂ ಟ್ರೇಲರ್ 1988ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಯಂತೆ ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು. ತಯಾರಿಕೆಗೆ ಕೈಹಾಕುವ ಫ್ಯಾಬ್ರಿಕೇಷನ್ ಘಟಕಗಳು ಮಾದರಿಯ ಅನುಮೋದನೆಯನ್ನು ಮೊದಲು ವಿಚಾರಿಸಿ, ಬಂಡವಾಳವನ್ನು ಅನಂತರ ತೊಡಗಿಸತಕ್ಕದ್ದು. ವಾಸ ಅಥವಾ ಶಿಬಿರಕ್ಕಾಗಿ ಬಳಸುವ ಟ್ರೇಲರ್‌ಗಳು ಸುಂಕದ ವರ್ಗೀಕರಣದಲ್ಲಿ 8716 10 ಎಂಬ ಉಪಶೀರ್ಷಿಕೆಯಡಿ ಬರುತ್ತವೆ.

ಒಟ್ಟಾರೆ ಹೇಳುವುದಾದರೆ, ಟ್ರೇಲರ್ ಕೊಳ್ಳಬೇಕೆಂಬ ಮಗನಿಗೆ ಅಥವಾ ಮಗಳಿಗೆ ತಂದೆ ಕೇಳಬೇಕಾದ ಪ್ರಶ್ನೆಗಳು ಮೂರು. ಎಲ್ಲ ತುಂಬಿದ ಮೇಲೆ ಕಾರು ಹೊರಬೇಕಾದ ಭಾರ ಎಷ್ಟು? ವರ್ಷಕ್ಕೆ ಎಷ್ಟು ರಾತ್ರಿ ಹೋಗುವಿರಿ? ನಾಳೆಯೇ ಮಾರಬೇಕಾದರೆ ಬಾಕಿ ಸಾಲ ತೀರುತ್ತದೆಯೇ? ಮೂರಕ್ಕೂ ಬರಹದಲ್ಲಿ ಉತ್ತರ ಬಂದ ಮೇಲೆ ಹಣ ಕಳುಹಿಸಲು ಅಡ್ಡಿಯಿಲ್ಲ.