ಮಧ್ಯಮದಲ್ಲಿ ನಿಂತ ದನಿ

ಮೂಡುಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಏರುಶ್ರುತಿಯ ಹಾಡಿಕೆಗೆ ಹೆಸರಾದವರು. ಯಕ್ಷಗಾನದ ತೆಂಕುತಿಟ್ಟಿನ ರಂಗದಲ್ಲಿ ಶ್ರುತಿಗೆ ಮೊದಲು ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು, ಈಗ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಷಡ್ಜ–ಪಂಚಮ ಹಿಡಿದ ಶ್ರುತಿಯ ಮೇಲೆ ಭಾಗವತರು ಶುದ್ಧ ಮಧ್ಯಮದಲ್ಲಿ ನಿಂತರೆಂದರೆ ನಮ್ಮ ಕಿವಿಗೆ ಒಟ್ಟಾಗಿ ಬೀಳುವುದು ಸ–ಮ–ಪ. ಬಂಟ್ವಾಳ, ಬೆಳ್ತಂಗಡಿಯ ಇಗರ್ಜಿಗಳಲ್ಲಿ ಕೊಂಕಣಿ ಗೀತೆಗಳಿಗೆ ಕೀಬೋರ್ಡ್ ನುಡಿಸುವವರ ಬೆರಳಿಗೆ ಇದೇ ಮೂರು ಸ್ವರ ‘ಸಸ್ ಫೋರ್’, ಅಂದರೆ ಸಸ್ಪೆಂಡೆಡ್ ಕಾರ್ಡ್. ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು.

ಸಾಮಾನ್ಯ ಕಾರ್ಡ್ ಸ–ಗ–ಪ. ಅಂತರ ಗಾಂಧಾರವಾದರೆ ಮೇಜರ್, ಸಾಧಾರಣ ಗಾಂಧಾರವಾದರೆ ಮೈನರ್. ಗಾಂಧಾರ ತೆಗೆದು ಮಧ್ಯಮ ಇಟ್ಟರೆ ಸಸ್ ಫೋರ್, ರಿಷಭ ಇಟ್ಟರೆ ಸಸ್ ಟೂ. ಎರಡರಲ್ಲೂ ಮೇಜರೋ ಮೈನರೋ ಎಂಬುದು ಗೊತ್ತಾಗುವುದಿಲ್ಲ. ಯುರೋಪಿನ ಹಳೆಯ ಚರ್ಚ್ ಸಂಗೀತದಲ್ಲಿ ಹಿಂದಿನ ಕಾರ್ಡಿನ ಒಂದು ಸ್ವರವನ್ನು ಬಿಡದೆ ಹಿಡಿದುಕೊಂಡು, ತುಸು ತಡೆದು ಕೆಳಗಿಳಿಸುತ್ತಿದ್ದರು. ಸಸ್ಪೆಂಡೆಡ್ ಕಾರ್ಡಿನ ಮೂಲ ಅಲ್ಲಿದೆ.

ಹಾಗೆ ಹಿಡಿದ ಮಧ್ಯಮ ಗಾಂಧಾರದ ಕಡೆಗೇ ಯಾಕೆ ವಾಲುತ್ತದೆ? ಲೆಕ್ಕ ನೋಡೋಣ. ಷಡ್ಜ ಸೆಕೆಂಡಿಗೆ 240 ಕಂಪನವೆಂದುಕೊಂಡರೆ ರಿಷಭ 270, ಅಂತರ ಗಾಂಧಾರ 300, ಮಧ್ಯಮ 320, ಪಂಚಮ 360. ಹತ್ತಿರದ ಎರಡು ನಾದಗಳು ಕೂಡಿದಾಗ ಅವುಗಳ ವ್ಯತ್ಯಾಸದಷ್ಟು ಸಲ ದನಿ ಏರಿಳಿಯುತ್ತದೆ. ಸೆಕೆಂಡಿಗೆ 30ರ ಆಸುಪಾಸಿನ ಏರಿಳಿತ ಕಿವಿಗೆ ಬಹಳ ಒರಟು ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾರೆ. ಮಧ್ಯಮ–ಪಂಚಮದ ವ್ಯತ್ಯಾಸ 40, ಷಡ್ಜ–ರಿಷಭದ್ದು 30. ಗಾಂಧಾರವಾದರೋ ಎರಡೂ ಕಡೆಗೆ 60ರ ದೂರದಲ್ಲಿ ಕೂತಿದೆ. ಒರಟು ಅಷ್ಟು ಕಡಿಮೆ.

ನನಗೆ ಇದಕ್ಕಿಂತ ದೊಡ್ಡದೆನಿಸುವ ಕಾರಣ ಇನ್ನೊಂದಿದೆ. ತಂಬೂರಿಯ ಷಡ್ಜದ ತಂತಿ ಮೀಟಿದಾಗ 240 ಒಂದೇ ಹೊಮ್ಮುವುದಿಲ್ಲ. ಅದರ ಎರಡು, ಮೂರು, ನಾಲ್ಕು, ಐದು ಪಟ್ಟಿನ ಕಂಪನಗಳೂ ಜೊತೆಗಿರುತ್ತವೆ. ಐದು ಪಟ್ಟು 1200, ಅಂದರೆ ಎರಡು ಸ್ಥಾಯಿ ಮೇಲಿನ ಅಂತರ ಗಾಂಧಾರ. ಯಾರೂ ಹಾಡದೆ ತಾನಾಗಿ ಕೇಳಿಬರುವ ಇದನ್ನೇ ವಿದ್ವಾಂಸರು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಷಡ್ಜದ ಪಟ್ಟುಗಳನ್ನು ಎಷ್ಟು ಎಣಿಸುತ್ತ ಹೋದರೂ ಶುದ್ಧ ಮಧ್ಯಮ ಮಾತ್ರ ಸಿಗುವುದಿಲ್ಲ. ಪಂಚಮದ ಪಟ್ಟುಗಳಲ್ಲೂ ಇಲ್ಲ. ಶಂಕರಾಭರಣದಲ್ಲಿ ಮಧ್ಯಮದಿಂದ ಗಾಂಧಾರಕ್ಕೆ ಇಳಿದ ಗಾಯಕ ಶ್ರುತಿಯೊಳಗೆ ಮೊದಲೇ ಇದ್ದ ಸ್ವರವನ್ನೇ ಮುಟ್ಟುತ್ತಾನೆ.

ಶ್ರುತಿಯನ್ನೇ ಬದಲಿಸಿದರೆ ಈ ಸಂಬಂಧ ತಲೆಕೆಳಗಾಗುತ್ತದೆ. ಪುನ್ನಾಗವರಾಳಿಯಂಥ ರಾಗಗಳನ್ನು ಮಧ್ಯಮ ಶ್ರುತಿಯಲ್ಲಿ ಹಾಡುವ ರೂಢಿಯಿದೆ; ಆಗ ಮಧ್ಯಮವೇ ಆಧಾರ. ಸ–ಮ–ಪವನ್ನು ಮಧ್ಯಮದಿಂದ ಎಣಿಸಿದರೆ ಮ–ಪ–ಸ, ಅಂದರೆ ಸಸ್ ಟೂ. ಸ್ವರಗಳು ಅವೇ, ಆಧಾರ ಮಾತ್ರ ಬೇರೆ.

ಹಾಗೆಂದು ಎಲ್ಲವನ್ನೂ ಕಂಪನದ ಲೆಕ್ಕಕ್ಕೆ ಒಪ್ಪಿಸಲಾಗದು. ಕಛೇರಿಯ ಕೊನೆಗೆ ಹಾಡುವ ಮಧ್ಯಮಾವತಿಯಲ್ಲಿ ಇರುವುದು ಸ–ರಿ–ಮ–ಪ–ನಿ, ಗಾಂಧಾರವೇ ಇಲ್ಲ. ಸಸ್ ಟೂ, ಸಸ್ ಫೋರ್ ಎರಡೂ ಆ ರಾಗದೊಳಗಿವೆ, ಮಧ್ಯಮ–ಪಂಚಮದ 40ರ ಏರಿಳಿತವೂ ಇದೆ. ಆದರೂ ಅಲ್ಲಿ ಕಿವಿ ಗಾಂಧಾರವನ್ನು ಬೇಡುವುದಿಲ್ಲ, ಯಾಕೆಂದರೆ ಆ ರಾಗದಲ್ಲಿ ಅದು ಬರುವುದಿಲ್ಲವೆಂದು ಕೇಳಿ ಕೇಳಿ ಕಲಿತಿದೆ.