ಸುತ್ತಿದ ಕೇಕ್ ಸೀಳುವುದೇಕೆ, ಹಣ್ಣು ಸೇರಿದ ಹಾಲು ಕಹಿಯಾಗುವುದೇಕೆ?

ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಕತ್ತರಿಸಿಟ್ಟ ಜಾಮ್ ರೋಲನ್ನು ನಾವೆಲ್ಲ ನೋಡಿದ್ದೇವೆ. ಈಗ ಅದನ್ನೇ ಮನೆಯಲ್ಲಿ ಮಾಡಿ, ಜಾಮಿನ ಬದಲು ಚೀಸ್ ಅಥವಾ ಪನೀರಿನ ಜೊತೆ ಹಣ್ಣಿನ ಹೋಳುಗಳನ್ನು ತುಂಬುವವರು ಹೆಚ್ಚಾಗಿದ್ದಾರೆ. ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ಒಂದು ಅಡುಗೆಮನೆಯಲ್ಲಿ ನಾವೂ ಇದನ್ನು ಮಾಡಿ ನೋಡಿದೆವು. ಮೊದಲ ಸಲ ಸುತ್ತುವಾಗಲೇ ಕೇಕ್ ಮೂರು ಕಡೆ ಸೀಳಿತು. ನೋಡುತ್ತಿದ್ದವರಿಂದ ಮೂರು ಮಾತು ಬಂದವು: ‘ಸೋಡಾ ಕಡಿಮೆಯಾಯಿತು’, ‘ಬಿಸಿ ಇರುವಾಗಲೇ ಸುತ್ತಬೇಕಿತ್ತು’, ‘ಹಾಲಿನ ಪದಾರ್ಥಕ್ಕೆ ಹಣ್ಣು ಹಾಕಬಾರದು, ವಿಷವಾಗುತ್ತದೆ’.

ಈ ಮೂರರಲ್ಲಿ ಎಷ್ಟು ನಿಜ, ಎಷ್ಟು ನಂಬಿಕೆ? ಒಂದೊಂದಾಗಿ ನೋಡೋಣ. ಸೀಳಿದ ಕೇಕ್ ನೋಡಲು ಚೆನ್ನಾಗಿರದಿದ್ದರೂ ತಿನ್ನಲು ಏನೂ ತೊಂದರೆಯಿಲ್ಲ. ಎಚ್ಚರ ಬೇಕಾಗಿರುವುದು ಬೇರೆ ಕಡೆ, ಅದನ್ನೂ ಕೊನೆಯಲ್ಲಿ ಹೇಳುತ್ತೇವೆ.

ಮೊದಲು ಹೆಸರಿನ ಮಾತು

ಇದಕ್ಕೆ ‘ಸ್ವಿಸ್ ರೋಲ್’ ಎಂಬ ಹೆಸರಿದ್ದರೂ ಇದು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿತು ಎನ್ನಲು ಗಟ್ಟಿ ಆಧಾರವಿಲ್ಲ. ಹಾಗೆಯೇ ಕೇಕಿನ ಚರಿತ್ರೆಯಲ್ಲಿ ‘ಮಾಂಬಳ್ಳಿ’ ಎಂಬ ಹೆಸರೂ ಸಿಗುತ್ತದೆ. 1883ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು ಭಾರತದ ಮೊದಲ ಕ್ರಿಸ್‌ಮಸ್ ಕೇಕ್ ಬೇಯಿಸಿದರೆಂಬುದು ಪ್ರಸಿದ್ಧ ಕಥೆ. ಆದರೆ ಅದು ಅಲ್ಲಿನ ಮನೆತನದ ಹೆಸರು. ಹೆಸರು ಒಂದೇ ಎಂದ ಮಾತ್ರಕ್ಕೆ ನಮ್ಮ ಸುವರ್ಣಾವತಿ ಸೀಮೆಯ ಮಾಂಬಳ್ಳಿಗೂ ಅದಕ್ಕೂ ನಂಟು ಕಟ್ಟುವಂತಿಲ್ಲ.

ಸೋಡಾ ಇಲ್ಲದೆ ಕೇಕ್ ಉಬ್ಬುತ್ತದೆಯೇ?

ಉಬ್ಬುತ್ತದೆ. ಸುತ್ತುವ ಸ್ಪಂಜ್ ಕೇಕಿಗೆ ಬೇಕಾದದ್ದು ಮುಖ್ಯವಾಗಿ ಮೂರೇ ಸಾಮಾನು: 3 ಮೊಟ್ಟೆ, 75 ಗ್ರಾಂ ಸಕ್ಕರೆ, 75 ಗ್ರಾಂ ಮೈದಾ. ಮೊಟ್ಟೆ ಮತ್ತು ಸಕ್ಕರೆಯನ್ನು ಒಟ್ಟಿಗೆ ಹಾಕಿ, ಅದು ಮೂರು ಪಟ್ಟು ಹಿಗ್ಗಿ, ಎತ್ತಿ ಬಿಟ್ಟರೆ ದಪ್ಪ ಪಟ್ಟಿಯಂತೆ ಇಳಿಯುವವರೆಗೆ ಕಡೆಯಬೇಕು. ಕಡೆಯುವಾಗ ಮೊಟ್ಟೆಯ ಪ್ರೋಟೀನುಗಳ ಮಡಿಕೆ ಬಿಚ್ಚಿಕೊಂಡು, ಒಳಸೇರಿದ ಗಾಳಿಯ ಗುಳ್ಳೆಗಳ ಸುತ್ತ ತೆಳುವಾದ ಪೊರೆ ಕಟ್ಟುತ್ತವೆ. ಸಕ್ಕರೆ ಕರಗಿ ಆ ದ್ರವವನ್ನು ಮಂದ ಮಾಡುವುದರಿಂದ ಗುಳ್ಳೆಗಳು ಬೇಗ ಒಡೆಯುವುದಿಲ್ಲ.

ಓವನ್ನಿನಲ್ಲಿ ಈ ಗುಳ್ಳೆಗಳು ಹಿಗ್ಗುತ್ತವೆ. ಇಲ್ಲೊಂದು ಸಣ್ಣ ಲೆಕ್ಕವಿದೆ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ 90 ಡಿಗ್ರಿಗೆ ಬಿಸಿಯಾದರೆ ಅದರ ಗಾತ್ರ ಹೆಚ್ಚುವುದು ಸುಮಾರು ಶೇ 20ರಷ್ಟು ಮಾತ್ರ. ಉಳಿದ ಉಬ್ಬು ಬರುವುದು ಮೊಟ್ಟೆಯಲ್ಲಿರುವ ನೀರು ಆವಿಯಾಗಿ ಅದೇ ಗುಳ್ಳೆಗಳೊಳಗೆ ನುಗ್ಗುವುದರಿಂದ. ಅಷ್ಟರಲ್ಲಿ ಮೊಟ್ಟೆಯ ಪ್ರೋಟೀನುಗಳು ಒಂದೊಂದಾಗಿ ಗಟ್ಟಿಯಾಗುತ್ತವೆ, ಮೈದಾದ ಪಿಷ್ಟ ನೀರು ಹೀರಿ ಬೇಯುತ್ತದೆ. ಉಬ್ಬಿದ ಆಕಾರ ಹಾಗೆಯೇ ನಿಲ್ಲುತ್ತದೆ.

ಹೀಗಾಗಿ ಸೋಡಾ ಕಡಿಮೆಯಾದದ್ದು ಸೀಳಿಗೆ ಕಾರಣವಲ್ಲ. ಸೋಡಾ ಹೆಚ್ಚಾದರೆ ಸೋಪಿನಂಥ ರುಚಿ ಬರುತ್ತದೆ, ಅಷ್ಟೆ. ನಮ್ಮ ಅಯ್ಯಂಗಾರ್ ಬೇಕರಿಗಳಲ್ಲಿ ಸಿಗುವ ಮೊಟ್ಟೆಯಿಲ್ಲದ ಕೇಕುಗಳ ಲೆಕ್ಕ ಬೇರೆ. ಅಲ್ಲಿ ಗಾಳಿ ಹಿಡಿದಿಡುವ ಮೊಟ್ಟೆಯೇ ಇರುವುದಿಲ್ಲವಾದ್ದರಿಂದ ಸೋಡಾ ಅಥವಾ ಬೇಕಿಂಗ್ ಪೌಡರ್ ಬೇಕೇ ಬೇಕು.

ಮೈದಾ ಸೇರಿಸುವಾಗ ಮಾತ್ರ ಕೈ ಹಗುರವಿರಲಿ. ಜರಡಿ ಹಿಡಿದ ಮೈದಾವನ್ನು ಮೂರು ಸಲಕ್ಕೆ ಹಾಕಿ, ಅಗಲ ಚಮಚದಿಂದ ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಬೆರೆಸಬೇಕು. ಚಪಾತಿ ಹಿಟ್ಟಿನಂತೆ ತಿರುವಿದರೆ ಗುಳ್ಳೆಗಳು ಒಡೆಯುತ್ತವೆ, ಮೈದಾದ ಅಂಟು ಬಲವಾಗಿ ಕೇಕ್ ಗಡುಸಾಗುತ್ತದೆ.

ಹಾಗಾದರೆ ಸೀಳುವುದೇಕೆ?

ಕಡುಬಿಗೆ ಬಾಳೆ ಎಲೆ ಮಡಚುವುದನ್ನು ನೆನಪಿಸಿಕೊಳ್ಳಿ. ಹಸಿ ಎಲೆಯನ್ನು ನೇರವಾಗಿ ಮಡಚಿದರೆ ಸೀಳುತ್ತದೆ. ಕೆಂಡದ ಮೇಲೆ ಹಿಡಿದು ಬಾಡಿಸಿದರೆ ಹೇಳಿದಂತೆ ಬಾಗುತ್ತದೆ. ಒಣಗಿದ ಎಲೆ ಮುಟ್ಟಿದರೆ ಪುಡಿ. ದಪ್ಪ ದಿಂಡನ್ನಂತೂ ಯಾರೂ ಮಡಚಲು ಹೋಗುವುದಿಲ್ಲ, ಕೊಯ್ದು ತೆಗೆಯುತ್ತಾರೆ. ಕೇಕಿನಲ್ಲೂ ವಿಷಯ ಇವೇ: ದಪ್ಪ, ತೇವ ಮತ್ತು ಬಿಸಿ.

ಮೊದಲು ದಪ್ಪ. ಯಾವುದೇ ಹಾಳೆಯನ್ನು ಸುತ್ತಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಎಳೆದುಕೊಳ್ಳುತ್ತದೆ, ನಡುವಿನ ಪದರ ಮಾತ್ರ ಹೆಚ್ಚುಕಡಿಮೆ ಮೊದಲಿನ ಉದ್ದದಲ್ಲೇ ಇರುತ್ತದೆ. ಸುರುಳಿಯ ಒಳಗಿನ ತ್ರಿಜ್ಯ 2 ಸೆಂಟಿಮೀಟರ್, ಕೇಕಿನ ದಪ್ಪ 1 ಸೆಂಟಿಮೀಟರ್ ಎಂದುಕೊಳ್ಳಿ. ಆಗ ನಡು ಪದರ ಕೇಂದ್ರದಿಂದ 2.5 ಸೆಂಟಿಮೀಟರ್ ದೂರದಲ್ಲಿರುತ್ತದೆ, ಹೊರಮೈ 3ರಲ್ಲಿ. ಅಂದರೆ ಹೊರಮೈ ಸುಮಾರು ಶೇ 20ರಷ್ಟು ಹಿಗ್ಗಬೇಕು. ಅದೇ ಕೇಕ್ 2 ಸೆಂಟಿಮೀಟರ್ ದಪ್ಪವಿದ್ದರೆ ಈ ಹಿಗ್ಗು ಶೇ 33 ಆಗುತ್ತದೆ. ನಮ್ಮ ಮೊದಲ ಕೇಕ್ ಸೀಳಿದ್ದಕ್ಕೆ ಒಂದು ಕಾರಣ ಇಲ್ಲೇ ಸಿಕ್ಕಿತು: ಹಿಟ್ಟು ಸುರಿದ ತಟ್ಟೆ ಚಿಕ್ಕದಾಗಿತ್ತು. ಮೂರು ಮೊಟ್ಟೆಯ ಹಿಟ್ಟಿಗೆ ಸುಮಾರು 25ಕ್ಕೆ 35 ಸೆಂಟಿಮೀಟರ್ ಅಳತೆಯ ಚಪ್ಪಟೆ ತಟ್ಟೆ ಬೇಕು.

ಎರಡನೆಯದು ತೇವ. ತೆಳು ಕೇಕ್ 190 ಡಿಗ್ರಿಯ ಓವನ್ನಿನಲ್ಲಿ 10ರಿಂದ 12 ನಿಮಿಷಕ್ಕೆ ಬೇಯುತ್ತದೆ. ‘ಇನ್ನೂ ಐದು ನಿಮಿಷ ಇರಲಿ’ ಎಂದು ಬಿಟ್ಟರೆ ಅಂಚು ಮೊದಲು ಒಣಗುತ್ತದೆ, ಸೀಳು ಶುರುವಾಗುವುದೂ ಅಲ್ಲಿಂದಲೇ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮತ್ತೆ ಮೇಲೆದ್ದು ಬಂದರೆ ಬೆಂದಿದೆ ಎಂದರ್ಥ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೇಕ್ ಮೆತ್ತಗಿರುತ್ತದೆ. ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದರೆ ಸಿಹಿಯ ಜೊತೆಗೆ ಬಾಗುವ ಗುಣವೂ ಕಡಿಮೆಯಾಗುತ್ತದೆ.

ಬಿಸಿ ಇರುವಾಗಲೇ ಸುತ್ತಬೇಕೇ?

ಇದು ಅರ್ಧ ನಿಜ. ಬೆಂದ ಪಿಷ್ಟ ಆರುತ್ತಾ ಹೋದಂತೆ ಮತ್ತೆ ಬಿಗಿಯಾಗುತ್ತದೆ. ಬಿಸಿ ಅನ್ನಕ್ಕೂ ತಂಗಳನ್ನಕ್ಕೂ ಇರುವ ವ್ಯತ್ಯಾಸ ಇದೇ. ಆದ್ದರಿಂದ ಕೇಕ್ ಯಾವ ಆಕಾರದಲ್ಲಿ ಆರುತ್ತದೋ ಆ ಆಕಾರವನ್ನೇ ನೆನಪಿಟ್ಟುಕೊಂಡಂತೆ ವರ್ತಿಸುತ್ತದೆ. ಓವನ್ನಿನಿಂದ ತೆಗೆದ ಕೂಡಲೇ ಬಟರ್ ಪೇಪರ್ ಅಥವಾ ಸಕ್ಕರೆ ಪುಡಿ ಉದುರಿಸಿದ ಶುಭ್ರ ಬಟ್ಟೆಯ ಮೇಲೆ ಮಗುಚಿ, ಬಟ್ಟೆಸಮೇತ ಸುತ್ತಿ, ಹಾಗೇ ಆರಲು ಬಿಡುವುದು ಈ ಕಾರಣಕ್ಕೆ.

ಆದರೆ ಕೇಕನ್ನು ಚಪ್ಪಟೆಯಾಗಿಯೇ ಇಟ್ಟು, ಮೇಲೆ ಬಟ್ಟೆ ಮುಚ್ಚಿ, ಆವಿ ಹೊರಹೋಗದಂತೆ ಆರಿಸಿಯೂ ಸೀಳದಂತೆ ಸುತ್ತಬಹುದು. ಬೇಕರಿಯವರಲ್ಲಿ ಎರಡೂ ರೂಢಿ ಇದೆ. ಅತಿಯಾಗಿ ಬೆಂದು ಒಣಗಿದ ಕೇಕನ್ನು ಬಿಸಿ ಇರುವಾಗ ಸುತ್ತಿದರೂ ಸೀಳುತ್ತದೆ. ಹಾಗಾಗಿ ಬಿಸಿಗಿಂತ ತೇವವೇ ಮುಖ್ಯ. ಬಿಸಿ ಕೇಕಿಗೆ ತುಂಬಣವನ್ನಂತೂ ಹಾಕಲೇಬಾರದು, ಕರಗಿ ಹರಿದುಹೋಗುತ್ತದೆ.

ಚೀಸ್ ಎಂದರೆ ಗಿಣ್ಣೇ?

ನಿಘಂಟುಗಳಲ್ಲಿ ಚೀಸ್‌ಗೆ ‘ಗಿಣ್ಣು’ ಎಂಬ ಅರ್ಥ ಕೊಟ್ಟಿರುವುದುಂಟು. ಹಳ್ಳಿಯಲ್ಲಿ ಗಿಣ್ಣು ಎಂದರೆ ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ್ದು. ಆ ಹಾಲಿನಲ್ಲಿ ಕರುವಿಗೆ ರೋಗನಿರೋಧಕ ಶಕ್ತಿ ಕೊಡುವ ಪ್ರೋಟೀನುಗಳು ತುಂಬಾ ಇರುವುದರಿಂದ ಬರೀ ಕಾವಿಗೇ ಮೊಟ್ಟೆಯಂತೆ ಗಟ್ಟಿಯಾಗುತ್ತದೆ. ಪನೀರ್ ಆಗುವುದು ಬಿಸಿ ಹಾಲಿಗೆ ಹುಳಿ ಹಿಂಡಿದಾಗ, ಕೇಸಿನ್ ಎಂಬ ಪ್ರೋಟೀನ್ ಒಡೆದು ಗಂಟುಕಟ್ಟಿ. ಬಹುತೇಕ ಚೀಸ್‌ಗಳಲ್ಲಿ ಅದೇ ಕೆಲಸವನ್ನು ರೆನೆಟ್ ಎಂಬ ಕಿಣ್ವ ಮಾಡುತ್ತದೆ. ಮೂರೂ ಹಾಲಿನವೇ, ದಾರಿ ಮಾತ್ರ ಬೇರೆ.

ಕ್ರೀಮ್ ಚೀಸ್ ನಮ್ಮ ಕಡೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದರ ಬದಲು 200 ಗ್ರಾಂ ಪನೀರನ್ನು, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ 100 ಗ್ರಾಂ ಗಟ್ಟಿ ಮೊಸರು ಮತ್ತು 40 ಗ್ರಾಂ ಸಕ್ಕರೆ ಪುಡಿಯೊಂದಿಗೆ ಮಿಕ್ಸಿಯಲ್ಲಿ ನುಣ್ಣಗೆ ಅರೆದರೆ ತುಂಬಣ ಸಿದ್ಧ. ಪಾಕೀಟಿನಲ್ಲಿ ಬರುವ ಚೀಸ್ ಹಾಳೆಗಳು ಉಪ್ಪಾಗಿರುವುದರಿಂದ ಇದಕ್ಕೆ ಹೊಂದುವುದಿಲ್ಲ.

ಹಣ್ಣು ಸೇರಿದರೆ ವಿಷವೇ?

ಹಾಲು ಮತ್ತು ಹಣ್ಣು ‘ವಿರುದ್ಧ ಆಹಾರ’ ಎಂಬ ಮಾತು ನಮ್ಮಲ್ಲಿ ಹಳೆಯದು. ಹುಳಿ ಹಣ್ಣು ಬಿದ್ದರೆ ಹಾಲು ಒಡೆಯುವುದು ನಿಜ. ಆದರೆ ಒಡೆದ ಹಾಲು ವಿಷವಲ್ಲ, ಪನೀರೇ ಒಡೆದ ಹಾಲು. ನಾವು ಕುಡಿದ ಹಾಲು ಕೂಡ ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಹೇಗೂ ಒಡೆಯುತ್ತದೆ. ಹಾಲು ಒಗ್ಗದವರಿಗೆ, ಯಾವುದಾದರೂ ಹಣ್ಣಿನ ಅಲರ್ಜಿ ಇರುವವರಿಗೆ ತೊಂದರೆಯಾಗಬಹುದು. ಅದು ಆ ಒಂದು ಪದಾರ್ಥದಿಂದ ಆಗುವುದೇ ಹೊರತು ಎರಡೂ ಸೇರಿ ಹುಟ್ಟಿದ ವಿಷದಿಂದಲ್ಲ.

ಆದರೂ ಈ ನಂಬಿಕೆಗೆ ಕಾರಣವಾಗಿರಬಹುದಾದ ಒಂದು ಅನುಭವವಿದೆ. ಹಸಿ ಅನಾನಸ್ ಹೋಳನ್ನು ಮೊಸರಿನಲ್ಲಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು ರುಚಿ ನೋಡಿ, ಕಹಿಯಾಗಿರುತ್ತದೆ. ಅನಾನಸಿನಲ್ಲಿರುವ ಬ್ರೋಮಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಚೂರು ಚೂರು ಮಾಡುತ್ತದೆ. ಆ ಚೂರುಗಳಲ್ಲಿ ಕೆಲವು ನಾಲಿಗೆಗೆ ಕಹಿ. ಪರಂಗಿಯಲ್ಲೂ ಇಂಥದೇ ಪಪೈನ್ ಎಂಬ ಕಿಣ್ವವಿದೆ. ಬಲಿತ ಮಾಂಸ ಬೇಗ ಬೇಯಲೆಂದು ಪರಂಗಿ ಕಾಯಿಯ ಹೋಳು ಹಾಕುವುದು ಈ ಗುಣಕ್ಕಾಗಿಯೇ. ಕಹಿಯಾದ ತುಂಬಣ ರುಚಿ ಕೆಡುತ್ತದೆ, ನೀರೊಡೆಯುತ್ತದೆ, ಆದರೆ ವಿಷವಾಗುವುದಿಲ್ಲ.

ಪರಿಹಾರ ಸುಲಭ. ಅನಾನಸ್ ಹೋಳುಗಳನ್ನು ಸ್ವಲ್ಪ ಸಕ್ಕರೆಯೊಂದಿಗೆ ಕೆಲವು ನಿಮಿಷ ಕುದಿಸಿ, ಪೂರ್ತಿ ಆರಿಸಿ, ನೀರು ಬಸಿದು ಬಳಸಿ. ಕುದಿಗೆ ಬ್ರೋಮಲೈನ್ ನಾಶವಾಗುತ್ತದೆ. ಮಾಗಿದ ಮಾವು, ಏಲಕ್ಕಿ ಬಾಳೆಗಳಿಗೆ ಈ ಕಷ್ಟವಿಲ್ಲ. ಬಾಳೆ ಗಾಳಿ ತಾಗಿ ಕಪ್ಪಾಗುವುದನ್ನು ನಾಲ್ಕು ಹನಿ ನಿಂಬೆರಸ ನಿಧಾನಗೊಳಿಸುತ್ತದೆ. ಯಾವ ಹಣ್ಣಾದರೂ ಮೇಲೆ ಸಕ್ಕರೆ ಹಾಕಿಟ್ಟರೆ ನೀರು ಬಿಡುತ್ತದೆ, ಹಾಗಾಗಿ ಸುತ್ತುವ ಹೊತ್ತಿಗೆ ಸೇರಿಸುವುದು ಮೇಲು.

ನಿಜವಾದ ಎಚ್ಚರ ಎಲ್ಲಿ ಬೇಕು?

ಬೇಕರಿಯ ಜಾಮ್ ರೋಲ್ ಒಂದೆರಡು ದಿನ ಹೊರಗೇ ಇರುವುದನ್ನು ನೋಡಿ, ಪನೀರ್ ರೋಲನ್ನೂ ಹಾಗೇ ಇಡಬಹುದು ಎಂದುಕೊಳ್ಳುವುದೇ ದೊಡ್ಡ ತಪ್ಪು. ಜಾಮಿನಲ್ಲಿ ಸಕ್ಕರೆ ಎಷ್ಟಿರುತ್ತದೆಂದರೆ ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಬೇಕಾದ ನೀರು ಸಿಗುವುದಿಲ್ಲ, ಜೊತೆಗೆ ಹುಳಿಯೂ ಇರುತ್ತದೆ. ಪನೀರಿನಲ್ಲಿ ನೀರೂ ಇದೆ, ಪ್ರೋಟೀನೂ ಇದೆ. ಇನ್ನೊಂದು ಮಾತು: ಸಾದಾ ಕೇಕ್ ಓವನ್ನಿನಿಂದ ನೇರ ತಟ್ಟೆಗೆ ಬರುತ್ತದೆ. ರೋಲ್ ಹಾಗಲ್ಲ. ಬೆಂದ ಮೇಲೆ ಅದನ್ನು ಕೈಯಿಂದ ಮಗುಚುತ್ತೇವೆ, ತುಂಬುತ್ತೇವೆ, ಸುತ್ತುತ್ತೇವೆ. ಆಮೇಲೆ ಬೇಯಿಸುವುದಿಲ್ಲ.

ನಮ್ಮ ಚರ್ಮ, ಮೂಗು, ಗಾಯಗಳಲ್ಲಿ ಇರಬಹುದಾದ ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಹೀಗೆ ತುಂಬಣಕ್ಕೆ ಸೇರಿ, ಬೆಚ್ಚಗಿನ ಜಾಗದಲ್ಲಿ ಬೆಳೆದು ವಿಷವನ್ನು ಬಿಡುತ್ತದೆ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ, ಹೊಟ್ಟೆನುಲಿತ ಶುರುವಾಗುತ್ತದೆ. ‘ವಾಸನೆ ಬಂದಿಲ್ಲ, ತಿನ್ನಬಹುದು’ ಎಂಬ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ‘ಹಾಲು, ಹಣ್ಣು ಸೇರಿ ವಿಷವಾಯಿತು’ ಎಂದು ಜನ ಹೇಳುವ ಎಷ್ಟೋ ಪ್ರಸಂಗಗಳ ಹಿಂದೆ ಇಂಥ ಕಾರಣ ಇರಬಹುದು.

ಹಾಗಾಗಿ ಇಷ್ಟು ನೆನಪಿರಲಿ:

- ಸೋಪು ಹಾಕಿ ಕೈ ತೊಳೆದ ಮೇಲೆಯೇ ಸುತ್ತಿ. ಕೈಯಲ್ಲಿ ಗಾಯವಿದ್ದರೆ ಆ ಕೆಲಸ ಬೇರೆಯವರಿಗೆ ಬಿಡಿ.
- ತುಂಬಿದ ರೋಲ್ ಫ್ರಿಜ್ಜಿನಿಂದ ಹೊರಗೆ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು. ಮನೆಯೊಳಗೇ 32 ಡಿಗ್ರಿ ದಾಟುವ ಬೇಸಿಗೆಯಲ್ಲಿ ಒಂದೇ ಗಂಟೆ.
- ಕರೆಂಟ್ ಹೋದರೆ, ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಕಾಯ್ದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ರೋಲನ್ನು ಎಸೆಯುವುದೇ ಲೇಸು.
- ಮನೆಯ ಹಸುವಿನ ಹಾಲಾದರೂ ಚೆನ್ನಾಗಿ ಕುದಿಸಿಯೇ ಪನೀರ್, ಮೊಸರು ಮಾಡಿ. ಹಸಿ ಹಾಲಿನಿಂದ ಬ್ರೂಸೆಲ್ಲೋಸಿಸ್ ಜ್ವರ ಬರಬಹುದು. ಹಸಿ ಹಾಲಿನ ಮೆತ್ತನೆಯ ಚೀಸಿನಲ್ಲಿರಬಹುದಾದ ಲಿಸ್ಟೀರಿಯಾ ಗರ್ಭಿಣಿಯರಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯಕಾರಿ. ಅದು ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ.

ನಾವು ಎರಡನೆಯ ಸಲ ದೊಡ್ಡ ತಟ್ಟೆ ಹಿಡಿದೆವು, 11 ನಿಮಿಷಕ್ಕೆ ಹೊರತೆಗೆದೆವು, ಅನಾನಸನ್ನು ಕುದಿಸಿದೆವು. ಕೇಕ್ ಸೀಳಲಿಲ್ಲ, ತುಂಬಣ ಕಹಿಯಾಗಲಿಲ್ಲ. ನಿಮ್ಮದು ಸೀಳಿದರೆ ಬೇಸರ ಬೇಡ, ಮೇಲೆ ಸ್ವಲ್ಪ ತುಂಬಣ ಸವರಿದರೆ ಬಿರುಕು ಕಾಣುವುದಿಲ್ಲ. ಆದರೆ ನೆಂಟರು ಬರುವುದು ತಡವಾಯಿತೆಂದು ರೋಲನ್ನು ಮಧ್ಯಾಹ್ನವೆಲ್ಲ ಮೇಜಿನ ಮೇಲೆ ಮಾತ್ರ ಬಿಡಬೇಡಿ.