ಸ್ಟೀಲ್ ಲೋಟದಲ್ಲಿ ನಂದಿಯ ತಪ್ಪಲು

ಕುಣಿಗಲ್ಲಿನ ಆ ಅಂಗಡಿಗೆ ಮುಂಭಾಗದಲ್ಲಿ ಗೋಡೆಯಿಲ್ಲ, ಕಬ್ಬಿಣದ ಜಾಲರಿಯಿದೆ. ಸಂಜೆ ಆರು ದಾಟಿದರೆ ಜಾಲರಿಯ ಕಿಂಡಿಯೊಳಗೆ ಏಳೆಂಟು ಕೈಗಳು ಒಟ್ಟಿಗೆ ತೂರಿಕೊಂಡಿರುತ್ತವೆ. ಯಾರೂ ಸರಕಿನ ಪೂರ್ತಿ ಹೆಸರು ಹೇಳುವುದಿಲ್ಲ. ಒಬ್ಬ ಬಣ್ಣ ಹೇಳುತ್ತಾನೆ, ಇನ್ನೊಬ್ಬ ‘ಒಂದ್ ಕ್ವಾಟ್ರು’ ಅನ್ನುತ್ತಾನೆ, ಮತ್ತೊಬ್ಬ ಬರೀ ನೋಟು ಚಾಚುತ್ತಾನೆ; ಒಳಗಿನ ಹುಡುಗನಿಗೆ ಅಷ್ಟರಲ್ಲೇ ಎಲ್ಲ ತಿಳಿಯುತ್ತದೆ. ಅವನ ಕೈಗೆ ಎಟುಕುವಲ್ಲಿ ವಿಸ್ಕಿ, ಬ್ರಾಂದಿ, ರಮ್ಮಿನ ಸಣ್ಣ ಪ್ಯಾಕೆಟ್ಟುಗಳು. ವೈನ್ ಬಾಟಲಿಗಳು ಮೇಲಿನ ಸಾಲಿನ ಮೂಲೆಯಲ್ಲಿವೆ, ಟ್ಯೂಬ್‌ಲೈಟಿಗೆ ಮುಖ ಕೊಟ್ಟುಕೊಂಡು, ಹೆಗಲ ಮೇಲೆ ಧೂಳು ಹೊತ್ತು. ನಮ್ಮ ಭಾವ ಅದರತ್ತ ಬೆರಳು ತೋರಿಸಿದಾಗ ಹುಡುಗ ಸ್ಟೂಲು ಎಳೆದುಕೊಂಡು ಹತ್ತಿದ. ಬಾಟಲಿಯನ್ನು ಬಟ್ಟೆಯಲ್ಲಿ ಒರೆಸುತ್ತ, ನಿಜವಾದ ಕಾಳಜಿಯಿಂದಲೇ ಕೇಳಿದ: “ಮನೇಲಿ ಯಾರಿಗ್ ಸಾರ್, ರಕ್ತ ಕಮ್ಮಿ?”

ಕೆಂಪು ವೈನು ಕುಡಿದರೆ ರಕ್ತ ಹೆಚ್ಚುತ್ತದೆ, ಮೈಬಣ್ಣ ತಿಳಿಯಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಅದಕ್ಕೆ ಆಧಾರವೇನೂ ಇಲ್ಲ. ಮೇಲಿನ ಸಾಲಿನ ವಿಚಾರ ಮಾತ್ರ ಖರೀದಿ ಮಾಡುವವರು ಗಮನಿಸಬೇಕಾದದ್ದು. ಬಿಸಿ ಗಾಳಿ ಮೇಲೇರಿ ನಿಲ್ಲುವ ಜಾಗ ಅದು. ಬೆಳಕೂ ಅಲ್ಲೇ ಹೆಚ್ಚು. ವಿಸ್ಕಿಗೆ ಅದರಿಂದ ಅಂಥ ತೊಂದರೆಯಿಲ್ಲ. ವೈನಿಗೆ ಬಿಸಿ, ಬೆಳಕು ಎರಡೂ ಆಗಿಬರುವುದಿಲ್ಲ. ಹಾಗಾಗಿ ಚೀಟಿಯ ಮೇಲೆ ದ್ರಾಕ್ಷಿ ಕೊಯ್ದ ವರ್ಷ ಅಚ್ಚಾಗಿದ್ದರೆ ಅದನ್ನು ಓದಿ, ಬಿಳಿಯದಾದರೆ ಆದಷ್ಟು ಈಚಿನದನ್ನೇ ಕೇಳುವುದು ಲೇಸು. ಅಗ್ಗದ ವೈನು ಇಟ್ಟಷ್ಟೂ ರುಚಿಯಾಗುತ್ತದೆ ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಅದು ಬೇಗ ಕುಡಿದು ಮುಗಿಸಲೆಂದೇ ಮಾಡಿದ್ದು.

ಭಾವನ ಬಸ್ಸು ತುಮಕೂರಿಗೆ ಹೊರಟಿತು, ನಮ್ಮ ಮನೆಯ ವೈನ್ ರುಚಿನೋಟಕ್ಕೆ. ಮಡಿಲ ಮೇಲೆ ಬಟ್ಟೆಚೀಲ, ಚೀಲದೊಳಗೆ ಹಳೆಯ ಪತ್ರಿಕೆ ಸುತ್ತಿಕೊಂಡ ಬಾಟಲಿ. ಕುಣಿಗಲ್ ಎಂದರೆ ಕೆರೆ ನೆನಪಾಗುವಂತೆ ಕುದುರೆ ಫಾರಂ ಕೂಡ ನೆನಪಾಗುತ್ತದೆ. ಟಿಪ್ಪುವಿನ ಕಾಲದ ನಂಟು ಹೇಳುವ ಆ ಫಾರಂ 1992ರಲ್ಲಿ ಗುತ್ತಿಗೆಗೆ ಹೋಗಿದ್ದು ವಿಜಯ್ ಮಲ್ಯ ಅವರ ಸಮೂಹಕ್ಕೆ. ರೇಸಿನ ಕುದುರೆ ಬೆಳೆಸಿದ್ದು ಮದ್ಯದ ದೊರೆ. ಊರಿನ ಅಂಗಡಿಯಲ್ಲಿ ವೈನು ಮಾತ್ರ ಅಟ್ಟದ ಮೇಲೆ.

ಅದೇ ಹೊತ್ತಿಗೆ ಗುಬ್ಬಿಯಿಂದ ಮೇಷ್ಟ್ರು ರೈಲಿನಲ್ಲಿ ಬರುತ್ತಿದ್ದರು. ನಿವೃತ್ತ ಕನ್ನಡ ಮೇಷ್ಟ್ರು. ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ‘ಕುರುಕ್ಷೇತ್ರ’ ಆಡಿಸಿದ ವೀರಣ್ಣನವರ ಊರಿನವರಾದ್ದರಿಂದಲೋ ಏನೋ, ಏನು ಹೇಳಿದರೂ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಹೇಳುತ್ತಾರೆ. ತರಕಾರಿ ಚೀಲದಲ್ಲಿ ಬಾಟಲಿ, ಅದರ ಮೇಲೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು. “ಊರಲ್ಲಿ ಅರ್ಧ ಜನ ನನ್ನ ಶಿಷ್ಯರು ಕಣ್ರೀ, ಇನ್ನರ್ಧ ಅವರ ಅಪ್ಪಂದಿರು” ಎಂಬುದು ಕೊತ್ತಂಬರಿಗೆ ಅವರು ಕೊಟ್ಟ ಸಮರ್ಥನೆ. ತುಮಕೂರಿನಲ್ಲಿ ಈ ಕಷ್ಟವಿಲ್ಲ. ಬಿ.ಎಚ್. ರಸ್ತೆಯ ಹವಾನಿಯಂತ್ರಿತ ಅಂಗಡಿಗಳಲ್ಲಿ ಬುಟ್ಟಿ ಹಿಡಿದು ಓಡಾಡಬಹುದು, ಬಾಟಲಿ ತಿರುಗಿಸಿ ಬೆನ್ನಿನ ಬರಹ ಓದಬಹುದು. ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ ದಂಪತಿಗಳು ಪಕ್ಕದಲ್ಲೇ ನಿಂತು ಬಿಳಿಯದೋ ಗುಲಾಬಿಯದೋ ಎಂದು ಚರ್ಚಿಸುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

ಈ ಬದಲಾವಣೆಯ ಹಿಂದೆ ಒಂದು ವರ್ಷವಿದೆ: 2007. ಆ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ದ್ರಾಕ್ಷಾರಸ ಮಂಡಳಿ ಹುಟ್ಟಿತು, ಬೆಂಗಳೂರಿನಲ್ಲಿ ದ್ರಾಕ್ಷಾರಸ ಉತ್ಸವಗಳು ನಡೆದವು. ಕೂಲಿಯವನ ಪ್ಯಾಕೆಟ್ಟಿಗೆ ಬೀಗ, ದ್ರಾಕ್ಷಿ ಬೆಳೆಗಾರನ ಹೆಸರಿನಲ್ಲಿ ಬಾಟಲಿಗೆ ಬಾಗಿಲು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಯಾರಿಗಾಗಿ ಯಾವುದು ಎಂಬುದು ತಾನೇ ಕಾಣುತ್ತದೆ. ಅಲ್ಲಿಂದ ಈಚೆಗೆ ವೈನು ನಮ್ಮ ಪಟ್ಟಣಗಳ ಬಾಡಿಗೆ ಮನೆಗಳವರೆಗೂ ಬಂದದ್ದಂತೂ ನಿಜ.

ನಮ್ಮ ಮನೆ ತುಮಕೂರಿನ ಎಸ್‌ಐಟಿ ಕಾಲೇಜಿನ ಕಡೆಯ ಒಂದು ಅಡ್ಡರಸ್ತೆಯಲ್ಲಿ, ಮೊದಲ ಮಹಡಿ. ಏಪ್ರಿಲ್ ತಿಂಗಳು, ಫ್ಯಾನು ಬಿಸಿಗಾಳಿಯನ್ನೇ ಕಡೆಯುತ್ತಿತ್ತು. ಒಬ್ಬೊಬ್ಬರು ಒಂದೊಂದು ಬಾಟಲಿ, ಯಾವುದೂ ಸಾವಿರ ರೂಪಾಯಿ ದಾಟಕೂಡದು, ಇದಿಷ್ಟೇ ಷರತ್ತು. ಭಾವ ತಂದದ್ದು ನಂದಿ ಬೆಟ್ಟದ ತಪ್ಪಲಿನ ಕ್ಯಾಬರ್ನೆ-ಶಿರಾಜ್. ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಕನ್ವಲ್ ಗ್ರೋವರ್ ಫ್ರೆಂಚ್ ಬಳ್ಳಿ ನೆಟ್ಟು ಶುರುಮಾಡಿದ ಸಾಹಸದಿಂದ ಈ ಬಗೆಯ ಕೆಂಪು ವೈನಿಗೆ ನಮ್ಮಲ್ಲಿ ನೆಲೆ ಸಿಕ್ಕಿತು. ನನ್ನ ಹೆಂಡತಿ ಆರಿಸಿದ್ದು ನಾಸಿಕದ ಶೆನಿನ್ ಬ್ಲಾಂಕ್, ಬಿಳಿಯದು. ಮೇಷ್ಟ್ರ ಕೊತ್ತಂಬರಿಯ ಕೆಳಗಿಂದ ಹೊರಬಂದದ್ದು ‘ಪೋರ್ಟ್’ ಎಂದು ಬರೆದಿದ್ದ ಗೋವಾದ ಸಿಹಿ ವೈನು. ಪೋರ್ಚುಗಲ್ಲಿನ ಅಸಲಿ ಪೋರ್ಟಿಗೂ ಇದಕ್ಕೂ ಹೆಸರಿನ ಸಂಬಂಧವಷ್ಟೆ. ಗೋವಾದ ಈ ಸಿಹಿ ವೈನಿಗೆ ದ್ರಾಕ್ಷಿ ಹೋಗುವುದು ನಮ್ಮ ಕಡೆಯಿಂದ: ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಬೆಂಗಳೂರು ನೀಲಿ.

ಗಾಜಿನ ಲೋಟ ಮನೆಯಲ್ಲಿ ಎರಡೇ ಇದ್ದವು. ಅದು ಒಳ್ಳೆಯದೇ ಆಯಿತು. ಹೆಂಡತಿ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳಿಗೆ ಸ್ವಲ್ಪ ಸ್ವಲ್ಪ ಸುರಿದು, ಬಾಯಿಗೆ ಕಾಗದ ಮುಚ್ಚಿ, ತಳಕ್ಕೆ ನಂಬರಿನ ಚೀಟಿ ಅಂಟಿಸಿ ತಂದಿಟ್ಟಳು. ದೀಪವನ್ನೂ ಆರಿಸಿ, ಜೀರೋ ಬಲ್ಬು ಹಾಕಿದಳು. ಭಾವ ಗೊಣಗಿದರು: “ಇದೇನಮ್ಮಾ, ವೈನು ಸ್ಟೀಲಲ್ಲಿ ಕುಡಿಯೋದುಂಟಾ?” ಅವಳು, “ಅದು ಹುಟ್ಟಿದ್ದೇ ಸ್ಟೀಲ್ ಟ್ಯಾಂಕಲ್ಲಿ ಅಣ್ಣ, ಏನೂ ಆಗಲ್ಲ” ಅಂದಳು. ಮಾತು ಸರಿಯಾಗೇ ಇತ್ತು. ಈಗಿನ ವೈನು ಹುಳಿಯುವುದು ಬಹುಪಾಲು ಸ್ಟೇನ್‌ಲೆಸ್ ಸ್ಟೀಲಿನ ತೊಟ್ಟಿಗಳಲ್ಲೇ.

ಬಣ್ಣ ಕಾಣದಿದ್ದರೆ ನಾಲಿಗೆ ಎಷ್ಟು ತಬ್ಬಿಬ್ಬಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕು. ಮೇಷ್ಟ್ರು ಮೊದಲ ಲೋಟ ಗುಟುಕರಿಸಿ “ಕೆಂಪು, ಸಂಶಯವೇ ಇಲ್ಲ” ಎಂದು ಘೋಷಿಸಿದರು. ಅದು ಬಿಳಿ. ಅವರನ್ನು ನೋಡಿ ನಕ್ಕು ಪ್ರಯೋಜನವಿಲ್ಲ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ 54 ಮಂದಿಗೆ, ವೈನ್ ವಿದ್ಯೆಯನ್ನೇ ಓದುತ್ತಿದ್ದವರಿಗೆ, ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಿದ್ದರು. ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಲ್ಲೇ ಬಣ್ಣಿಸಿದರು. ಮೂಗಿಗಿಂತ ಮೊದಲು ಕಣ್ಣು ತೀರ್ಪು ಬರೆದುಬಿಡುತ್ತದೆ. ಬೆಲೆಯ ಚೀಟಿಯ ಕಥೆಯೂ ಅಷ್ಟೆ: ಅಮೆರಿಕದಲ್ಲಿ ಹೆಸರು, ಬೆಲೆ ಮರೆಮಾಡಿ ನಡೆಸಿದ ಆರು ಸಾವಿರಕ್ಕೂ ಹೆಚ್ಚು ರುಚಿನೋಟಗಳನ್ನು ಒಟ್ಟುಮಾಡಿ 2008ರಲ್ಲಿ ಪ್ರಕಟಿಸಿದಾಗ, ತರಬೇತಿಯಿಲ್ಲದ ಸಾಮಾನ್ಯರು ದುಬಾರಿ ವೈನನ್ನು ಹೆಚ್ಚು ಮೆಚ್ಚಿರಲಿಲ್ಲ, ಒಂದು ಕೂದಲೆಳೆಯಷ್ಟು ಕಡಿಮೆಯೇ ಮೆಚ್ಚಿದ್ದರು.

ಮೇಷ್ಟ್ರು ಸೋಲೊಪ್ಪುವವರಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದ ಪಾನಗೋಷ್ಠಿಯನ್ನು ಎತ್ತಿಕೊಂಡು, “ಸಾವಿರ ವರ್ಷದ ಹಿಂದೇನೇ ನಮ್ಮವರು ಇದನ್ನೆಲ್ಲ ಬಲ್ಲವರು” ಅಂದರು. ಎರಡನೆಯ ಲೋಟ ಬರುವವರೆಗೂ ಪಂಪ ನಡೆದ.

ಎರಡನೆಯದು ಮೂಗಿನ ಹತ್ತಿರ ಬರುತ್ತಲೇ ಯಾರೂ ಊಹಿಸಬೇಕಾಗಲಿಲ್ಲ. ಕೋಣೆಯೆಲ್ಲ ಬೇಸಿಗೆಯ ತಳ್ಳುಗಾಡಿಯ ವಾಸನೆ. ಬೆಂಗಳೂರು ನೀಲಿ ತಿಂದು ಬೆಳೆದವರಿಗೆ ಗೊತ್ತು: ಹಣ್ಣನ್ನು ತುಟಿಗಿಟ್ಟು ಒತ್ತಿದರೆ ತಿರುಳು ಜಾರಿ ನಾಲಿಗೆಯ ಮೇಲೆ ಬೀಳುತ್ತದೆ, ದಪ್ಪ ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಸಿಪ್ಪೆಯನ್ನೂ ಒಮ್ಮೆ ಚೀಪಿ, ಒಗರಿಗೆ ಮುಖ ಕಿವುಚಿ ಎಸೆಯುವುದು. ಹೀಗೆ ಸಿಪ್ಪೆ ಬಿಡುವುದು, ಮೂಗಿಗೆ ಅಡರುವ ಆ ಗಾಢ ಪರಿಮಳ, ಎರಡೂ ಅಮೆರಿಕ ಮೂಲದ ಲಾಬ್ರಸ್ಕಾ ದ್ರಾಕ್ಷಿಯ ಗುಣಗಳು. ಇಸಬೆಲ್ಲಾ ಎಂಬ ತಳಿಯ ನಂಟು ಇದು. ಯುರೋಪಿನ ವೈನ್ ಪಂಡಿತರಿಗೆ ಈ ವಾಸನೆ ಎಂದರೆ ಅಲರ್ಜಿ. ಅದಕ್ಕೆ ನರಿಯ ಹೆಸರಿಟ್ಟು ಹೀಯಾಳಿಸುತ್ತಾರೆ. ಫ್ರಾನ್ಸಿನಲ್ಲಂತೂ 1934ರ ಕಾಯ್ದೆ ಹೆಸರಿಸಿ ನಿಷೇಧಿಸಿದ ಆರು ತಳಿಗಳಲ್ಲಿ ಇಸಬೆಲ್ಲಾವೂ ಒಂದು. ನಮ್ಮಲ್ಲಿ ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಗೌರವ ಸಿಕ್ಕಿತು. ಅಲ್ಲಿ ಗಡೀಪಾರು, ಇಲ್ಲಿ ಸನ್ಮಾನ.

ನನ್ನ ಪಕ್ಷ ಯಾವುದೆಂದು ಕೇಳಿದರೆ, ಈ ದ್ರಾಕ್ಷಿಯ ವೈನು ತೀರಾ ಸಿಹಿ ಎಂಬ ದೂರು ನನ್ನದೂ ಹೌದು. ಒಂದು ಲೋಟದ ಮೇಲೆ ಕುಡಿಯಲಾಗದು. ಆದರೆ ವಾಸನೆಯ ಬಗೆಗಿನ ತಾತ್ಸಾರವನ್ನು ನಾನು ಒಪ್ಪುವುದಿಲ್ಲ. ಪಂಡಿತರು ಹೇಳುವ ಕಪ್ಪು ಕರಂಟು, ಗೂಸ್‌ಬೆರಿಗಳನ್ನು ನಾವು ಕಂಡವರೂ ಅಲ್ಲ, ಮುಟ್ಟಿದವರೂ ಅಲ್ಲ. ಈ ಒಂದು ವಾಸನೆಯ ವಿಷಯದಲ್ಲಾದರೂ ನಮ್ಮ ಮೂಗಿಗೆ ಯಾರ ಪಾಠವೂ ಬೇಕಿಲ್ಲ.

ಒಳಕೋಣೆಯಿಂದ ಅವ್ವ ಬಂದಳು. ಮನೆಗೆ ‘ಅಂಥಾದ್ದು’ ಬಂದಿದೆ ಎಂಬ ಸಿಟ್ಟಿನಲ್ಲಿ ಸಂಜೆಯಿಂದ ಟಿ.ವಿ. ಮುಂದೆ ಕೂತಿದ್ದವಳು. ಲೋಟ ಎತ್ತಿ ಮೂಸಿದಳು, ಮತ್ತೊಮ್ಮೆ ಮೂಸಿದಳು. “ಇದು ದ್ರಾಕ್ಷಾಸವ ಅಲ್ವೇನೋ? ನಿನ್ನಕ್ಕನ ಬಾಣಂತನದಾಗೆ ಊಟ ಆದ್ಮೇಲೆ ಎರಡೆರಡು ಚಮಚ ಕೊಡ್ತಿದ್ದೆ.” ಭಾವ ನಗು ತಡೆಯಲಾರದೆ ಬಾಲ್ಕನಿಗೆ ಹೋದರು. ಅವ್ವನ ಮೂಗು ತಪ್ಪಿದ್ದು ಸ್ವಲ್ಪವೇ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಸೇರಿಸಿ, ಧಾತಕಿ ಹೂವು ಹಾಕಿ, ಮುಚ್ಚಿಟ್ಟು ಹುಳಿಯಲು ಬಿಟ್ಟದ್ದೇ ಆಯುರ್ವೇದದ ದ್ರಾಕ್ಷಾರಿಷ್ಟ. ಆಸವಗಳ ದಾರಿಯೂ ಹೆಚ್ಚುಕಡಿಮೆ ಅದೇ. ಅದರೊಳಗೆ ತಾನೇ ಹುಟ್ಟಿದ ಮದ್ಯಸಾರ ಇದ್ದೇ ಇರುತ್ತದೆ. ಮದ್ಯವನ್ನು ಹೊಸ್ತಿಲು ದಾಟಿಸದ ಎಷ್ಟೋ ಮನೆಗಳ ಗೂಡಿನಲ್ಲಿ ಆ ಕಂದು ಬಾಟಲಿ ಎದೆಸೆಟೆಸಿ ನಿಂತಿರುತ್ತದೆ. ಅವ್ವ ಮಾತ್ರ, “ಅದು ಔಷಧಿ, ಇದು ಚಟ” ಎಂದು ತೀರ್ಪು ಕೊಟ್ಟು, ಲೋಟವನ್ನು ಕೆಳಗಿಡದೆ ಒಳಗೆ ನಡೆದಳು. ಔಷಧಿಯ ಮಾತು ಬಂದದ್ದೇ ತಡ, ಭಾವ ಬಾಲ್ಕನಿಯಿಂದಲೇ ಹೃದಯಕ್ಕೆ ಕೆಂಪು ವೈನು ಒಳ್ಳೆಯದಂತೆ ಎಂಬ ಹಳೆಯ ರಾಗ ತೆಗೆದರು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ನೆನಪಿಸಿ, “ರುಚಿಗೆ ಕುಡೀರಿ ಅಣ್ಣ, ಹೃದಯದ ಹೆಸರು ಹೇಳ್ಬೇಡಿ” ಅಂದಳು.

ಊಟಕ್ಕೆ ಕೂತಾಗ ಲೆಕ್ಕವೆಲ್ಲ ತಲೆಕೆಳಗಾಯಿತು. ಅದುವರೆಗೆ ಅಗ್ರಸ್ಥಾನ ಭಾವನ ಕೆಂಪಿನದು. ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆದಿದ್ದರಿಂದ ಹದವಾಗಿತ್ತು. ಕೆಂಪು ವೈನನ್ನು ಕೋಣೆಯ ತಾಪಮಾನದಲ್ಲಿ ಕುಡಿಯಬೇಕು ಎಂದವರ ಕೋಣೆ ಹದಿನೆಂಟು ಡಿಗ್ರಿಯದು, ತುಮಕೂರಿನ ಏಪ್ರಿಲ್ಲಿನದಲ್ಲ. ಶಿರಾಜಿನಲ್ಲಿ ಕಾಳುಮೆಣಸಿನ ಘಮ ಬರುತ್ತಿದೆ ಎಂದು ಭಾವ ಹೇಳಿದ್ದು ಬರೀ ಬಡಾಯಿಯಲ್ಲ. ರೊಟಂಡೋನ್ ಎಂಬ ಒಂದೇ ವಸ್ತು ಶಿರಾಜಿನಲ್ಲೂ ಇದೆ, ಮೆಣಸಿನ ಕಾಳಿನಲ್ಲೂ ಇದೆ.

ಎಲೆಗೆ ಬಂದದ್ದು ಬಿಸಿ ರಾಗಿಮುದ್ದೆ, ನಾಟಿ ಕೋಳಿ ಸಾರು, ನಂಚಿಕೊಳ್ಳಲು ಹುರಿದ ಕಡ್ಲೆಕಾಯಿ. ಸಾರಿನ ಖಾರ ಗಂಟಲಿಗೆ ಇಳಿದ ಮೇಲೆ ಕೆಂಪು ವೈನು ಒಂದು ಗುಟುಕು ಕುಡಿದ ಮೇಷ್ಟ್ರ ಕಣ್ಣಲ್ಲಿ ನೀರು. ಮದ್ಯಸಾರ ಖಾರದ ಉರಿಗೆ ಇನ್ನಷ್ಟು ತಿದಿ ಒತ್ತುತ್ತದೆ. ಸಿಪ್ಪೆ ಬೀಜಗಳಿಂದ ಬಂದ ಒಗರು, ಟ್ಯಾನಿನ್, ಬಾಯಿಯ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ನಾಲಿಗೆಯನ್ನು ಒಣಗಿಸುತ್ತದೆ. ಎರಡೂ ಕೂಡಿದರೆ ನಮ್ಮ ಕಡೆಯ ಮಸಾಲೆ ಹಾಗಲಕಾಯಿಯಷ್ಟು ಕಹಿ. ಅಷ್ಟು ಹೊತ್ತು ಯಾರೂ ವಿಶೇಷ ಗಮನ ಕೊಡದಿದ್ದ ಶೆನಿನ್ ಬ್ಲಾಂಕ್, ಚೆನ್ನಾಗಿ ತಣ್ಣಗಿದ್ದದ್ದು, ಆಗ ಮುಂದೆ ಬಂತು. ಅದರ ತುಸು ಸಿಹಿ ಖಾರವನ್ನು ತಣಿಸಿತು, ಅದರ ಹುಳಿ ಕೋಳಿಯ ಜಿಡ್ಡನ್ನು ಕತ್ತರಿಸಿತು. ಮುದ್ದೆ ನುಂಗುವುದು, ಸಾರು, ಒಂದು ಗುಟುಕು, ಮತ್ತೆ ಮುದ್ದೆ. ಮಾತು ನಿಂತುಹೋಯಿತು.

ಆದ್ದರಿಂದ ದಿನಬಳಕೆಯ ವೈನನ್ನು ಬರೀ ಲೋಟದಲ್ಲಿ ತೂಗಿ ಅಂಕ ಕೊಡುವುದರಲ್ಲಿ ಅರ್ಥವಿಲ್ಲ ಎನ್ನುತ್ತೇನೆ. ಎಲೆಯ ಮೇಲೆ ಏನಿದೆ ಎಂಬುದು ಮೊದಲು, ಬಾಟಲಿ ಆಮೇಲೆ. ಉಪ್ಸಾರಿನ ಖಾರಕ್ಕೂ ಬಿಳಿಯದೇ ಸರಿ. ಕೆಂಪಿಗೆ ಜೊತೆ ಬೇಕಿದ್ದರೆ ಖಾರ ಕಡಿಮೆ ಮಾಡಿ ಮೆಣಸು ಜಾಸ್ತಿ ಹಾಕಿದ ಮಟನ್ ಚಾಪ್ಸ್ ಮಾಡಿಕೊಳ್ಳಬಹುದು. ಮೇಷ್ಟ್ರ ಸಿಹಿ ವೈನಿಗೆ ಉಪ್ಪು ಹಾಕಿ ಹುರಿದ ಕಡ್ಲೆಕಾಯಿ ಎಷ್ಟು ಚೆನ್ನಾಗಿ ಹೊಂದಿತೆಂದರೆ, ತಟ್ಟೆಯಲ್ಲಿ ಸಿಪ್ಪೆಯ ರಾಶಿ ಮಾತ್ರ ಉಳಿಯಿತು. ಹುಣಸೆಹಣ್ಣು ಹಿಂಡಿದ ಬಸ್ಸಾರಿನ ಪ್ರಯೋಗ ಇನ್ನೂ ಆಗಬೇಕು.

ಬಾಟಲಿಗಳನ್ನು ಎತ್ತಿಡುವಾಗ ಲೆಕ್ಕ ಸಿಕ್ಕಿತು. 750 ಎಂ.ಎಲ್. ಬಾಟಲಿ ಎಂದರೆ ಸುಮಾರು ಐದು ಲೋಟ. ಶೆನಿನ್ ತಳ ಕಂಡಿತ್ತು. ಸಿಹಿಯದು ಮುಕ್ಕಾಲು ಮುಗಿದಿತ್ತು, ಅದರಲ್ಲಿ ಅವ್ವನ ಪಾಲೆಷ್ಟೆಂದು ಯಾರೂ ಕೇಳಲಿಲ್ಲ. ಎಲ್ಲರೂ ಹೊಗಳಿದ್ದ ಕೆಂಪು ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. ತಿರುಪಿನ ಮುಚ್ಚಳ ಬಿಗಿದು ಫ್ರಿಜ್ಜಿಗೆ ಹೋಯಿತು, ಎರಡು ಮೂರು ದಿನ ಕೆಡುವುದಿಲ್ಲ. ಮೇಷ್ಟ್ರ ಅಂಕಪಟ್ಟಿಯಲ್ಲಿ ಮಾತ್ರ ಕೆಂಪು ಮೊದಲು, ಬಿಳಿ ಕೊನೆಗೆ. “ಇದೇನ್ ಮೇಷ್ಟ್ರೇ, ಕುಡಿದಿದ್ದೊಂದು ಬರೆದಿದ್ದೊಂದು?” ಎಂದು ಭಾವ ಕೆಣಕಿದರು. ಮೇಷ್ಟ್ರು ಕಾಗದವನ್ನು ಮಡಚಿ ಜೇಬಿಗಿಟ್ಟರು. “ಇದು ಪ್ರಿಪರೇಟರಿ ಕಣ್ರೀ. ಪಬ್ಲಿಕ್ ಪರೀಕ್ಷೆ ಗುಬ್ಬೀಲಿ, ನಮ್ಮನೇಲಿ. ಬಸ್ಸಾರು ನಮ್ಮಾಕೆ ಮಾಡ್ತಾಳೆ, ಕೊತ್ತಂಬರಿ ನೀವು ತನ್ನಿ.”